ಬೀಸುಕಲ್ಲು ಮತ್ತು ಅವ್ವನ ನಿದ್ದೆ

ಬೇಸಿಗೆ ಬಂದೊಡನೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ನನ್ನ ಹಳೆಯ ವಿದ್ಯಾರ್ಥಿಗಳು ಮಾಳಿಗೆಯ ಮೇಲೆ ಮಲಗುತ್ತಿದ್ದ ದಿನಗಳನ್ನು ನೆನೆದು ಫೋನು ಮಾಡುವುದುಂಟು. (ಈ ಐದೂ ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ, ನನ್ನ ನಾಲಿಗೆ ಮಾತ್ರ ಇನ್ನೂ ಬಳ್ಳಾರಿ ಎಂದೇ ಹೇಳುತ್ತದೆ.) ಮಣ್ಣಿನ ಮಾಳಿಗೆ, ಚಾಪೆ, ಅದರ ಮೇಲೊಂದು ಕೌದಿ, ಪಕ್ಕದಲ್ಲಿ ಅಜ್ಜನ ಕಥೆ. ಆ ಸುಖವನ್ನು ನಾನೂ ಅಲ್ಲಗಳೆಯಲಾರೆ. ಆದರೆ ಇತಿಹಾಸ ಬೋಧಿಸಿದವನಿಗೆ ಒಂದು ಪ್ರಶ್ನೆ ಕಾಡುತ್ತದೆ: ಆಗ ನಮ್ಮ ಅವ್ವಂದಿರು ಎಲ್ಲಿ ಮಲಗಿದ್ದರು?

ಕೆಳಗೆ, ಪಡಸಾಲೆಯಲ್ಲಿ. ಎಲ್ಲರ ಊಟವಾದ ಮೇಲೆ ಉಂಡು, ಕೊನೆಗೆ ಮಲಗಿ, ಕೋಳಿ ಕೂಗುವ ಮೊದಲೇ ಎದ್ದು ಬೀಸುಕಲ್ಲಿನ ಮುಂದೆ ಕೂರುತ್ತಿದ್ದರು. ನಮ್ಮದು ಜೋಳದ ಸೀಮೆ. ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ತಟ್ಟುವಾಗಲೇ ರೊಟ್ಟಿ ಹರಿಯುತ್ತದೆ. ಆದ್ದರಿಂದ ಬೀಸುವ ಕೆಲಸಕ್ಕೆ ರಜೆಯೇ ಇರಲಿಲ್ಲ.

ಅಮೆರಿಕದ ಇತಿಹಾಸಕಾರ ರೋಜರ್ ಎಕಿರ್ಚ್ 2005ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹಿಂದಿನ ಯೂರೋಪಿನ ಜನ ‘ಮೊದಲ ನಿದ್ದೆ’, ‘ಎರಡನೆಯ ನಿದ್ದೆ’ ಎಂದು ಎರಡು ಕಂತಿನಲ್ಲಿ ಮಲಗುತ್ತಿದ್ದರೆಂದು ತೋರಿಸಿದ್ದಾರೆ. ಇದು ಎಲ್ಲೆಡೆಗೂ ಅನ್ವಯಿಸುವುದಿಲ್ಲ. ತಾಂಜಾನಿಯಾ, ನಮೀಬಿಯಾ, ಬೊಲಿವಿಯಾಗಳಲ್ಲಿ ವಿದ್ಯುತ್ತಿಲ್ಲದೆ ಬದುಕುವ ಮೂರು ಸಮುದಾಯಗಳ ಜನ ಸೂರ್ಯ ಮುಳುಗಿ ಮೂರು ಗಂಟೆಗಳಿಗೂ ಹೆಚ್ಚು ಹೊತ್ತಾದ ಮೇಲೆ ಮಲಗಿ, ಬಹುಮಟ್ಟಿಗೆ ಒಂದೇ ನಿದ್ದೆ ಮಾಡುತ್ತಾರೆಂದು 2015ರ ಅಧ್ಯಯನವೊಂದು ತಿಳಿಸಿತು. ವಿದ್ವಾಂಸರು ವಾದಿಸಲಿ. ನಮ್ಮ ಸೀಮೆಯ ಹೆಂಗಸರ ಪಾಲಿಗಿದ್ದುದು ಮೊದಲ ನಿದ್ದೆ ಮಾತ್ರ. ಎರಡನೆಯದನ್ನು ಕಲ್ಲು ಕಸಿದುಕೊಂಡಿತ್ತು.

ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಕಲನದ ಸೊಬಗನ್ನು ಎಷ್ಟೋ ವರ್ಷ ತರಗತಿಯಲ್ಲಿ ಕೊಂಡಾಡಿದ್ದೇನೆ. ಬೀಸುವವಳು ಹಾಡುತ್ತಿದ್ದುದು ತೂಕಡಿಕೆಯನ್ನು ಓಡಿಸಲಿಕ್ಕೂ ಹೌದೆಂದು ನಿಮಗೆ ಹೇಳಲೇ ಇಲ್ಲ. ನನಗಾದರೋ ಆ ಹಾಡೇ ಜೋಗುಳ. ಬೀಸುವ ಅವ್ವನ ತೊಡೆಯೇ ದಿಂಬು.

ನಮ್ಮೂರಿನ ನಿದ್ದೆಯನ್ನು ಮೊದಲು ಬದಲಿಸಿದ್ದು ವಿದ್ಯುದ್ದೀಪವಲ್ಲ, ಎಣ್ಣೆ ಎಂಜಿನ್ನಿನ ಹಿಟ್ಟಿನ ಗಿರಣಿ. ಗಿರಣಿಯ ಬಿಸಿಗೆ ಹಿಟ್ಟಿನ ಸತ್ವ ಸುಟ್ಟುಹೋಗುತ್ತದೆಂದು ಅಜ್ಜ ಗೊಣಗಿದ. ಅವ್ವ ಎದುರಾಡಲಿಲ್ಲ, ಮರುದಿನವೂ ಜೋಳದ ಪುಟ್ಟಿಯನ್ನು ನನ್ನ ತಲೆಯ ಮೇಲಿಟ್ಟು ಗಿರಣಿಗೆ ಕಳಿಸಿದಳು.

ಆ ದಿನಗಳಲ್ಲೇ ಒಂದು ಬೆಳಗು ನನಗೆ ಎಚ್ಚರವಾದಾಗ ಅವ್ವ ಇನ್ನೂ ಮಲಗಿದ್ದಳು. ಅವಳು ನಿದ್ದೆ ಮಾಡುವುದನ್ನು ಅದುವರೆಗೆ ಕಂಡಿರದ ನಾನು, ಏನೋ ಆಗಿಹೋಗಿದೆಯೆಂದು ಹೆದರಿ ಅಳತೊಡಗಿದೆ.