ಎದೆಯ ಮೇಲೆ ಯಾರ ಹೆಸರು?

ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ 2002ರಲ್ಲಿ ಪೂರ್ಣಗೊಂಡಿತು. ಅದರಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ. ಸವಾರರಿಗೆ ಉಳಿದದ್ದು ತಳೇಗಾಂವ ದಾಭಾಡೆಯ ಮಗ್ಗುಲಲ್ಲಿ ಹಾದು ಲೋಣಾವಳದತ್ತ ಹೋಗುವ ಹಳೆಯ ಹೆದ್ದಾರಿ. ರಜೆಯ ದಿನ ಬೆಳಕು ಹರಿಯುವ ಹೊತ್ತಿಗೆ ಅಲ್ಲಿ ಕಾಣುವ ಜರ್ಸಿಗಳನ್ನು ಓದುತ್ತ ಹೋದರೆ ಆಸುಪಾಸಿನ ಉದ್ಯಮಗಳ ಪಟ್ಟಿಯೇ ಸಿಗುತ್ತದೆ. ಒಂದು ಗುಂಪಿನ ಎದೆಯ ಮೇಲೆ ಐಟಿ ಕಂಪನಿಯ ಹೆಸರು, ಇನ್ನೊಂದರ ಮೇಲೆ ವಾಹನ ಕಾರ್ಖಾನೆಯದು, ಮತ್ತೊಂದರ ಮೇಲೆ ಬಡಾವಣೆಯ ಕ್ಲಬ್ಬಿನದು. ಸವಾರನ ಎದೆಯ ಮೇಲೆ ಯಾರ ಹೆಸರಿರಬೇಕು ಎಂಬ ಪ್ರಶ್ನೆಗೆ ನೂರು ವರ್ಷ ಮೀರಿದ ಚರಿತ್ರೆಯಿದೆ.

‘ಜರ್ಸಿ’ ಎಂಬ ಪದ ಬಂದದ್ದು ಇಂಗ್ಲಿಷ್ ಕಾಲುವೆಯ ಪುಟ್ಟ ದ್ವೀಪವೊಂದರಿಂದ. ನಮ್ಮ ಹಳ್ಳಿಯ ಕೊಟ್ಟಿಗೆಯ ಜರ್ಸಿ ಹಸುವೂ ಅಲ್ಲಿನದೇ. ದ್ವೀಪದವರು ಹೆಣೆಯುತ್ತಿದ್ದ ಉಣ್ಣೆಯ ಅಂಗಿಗೆ ಊರಿನ ಹೆಸರೇ ಅಂಟಿಕೊಂಡಿತು. ಮೊದಮೊದಲ ಸೈಕಲ್ ಪಂದ್ಯಗಳ ಸವಾರರು ತೊಟ್ಟದ್ದೂ ಉಣ್ಣೆಯನ್ನೇ. ಬೆವರು ಹೀರಿದರೂ ಬೇಗ ತಣ್ಣಗಾಗದು ಎಂಬುದು ಅದರ ಗುಣ, ಮಳೆಯಲ್ಲಿ ನೆನೆದು ಜೋತುಬೀಳುವುದು ಅದರ ದೋಷ.

ಅಂಗಿಯ ಬಣ್ಣಕ್ಕೆ ಅರ್ಥ ಬಂದದ್ದು 1919ರಲ್ಲಿ. ಮೊದಲ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಕೊರತೆಯ ದಿನಗಳಾದ್ದರಿಂದ ಸೈಕಲ್ ಕಂಪನಿಗಳು ಒಟ್ಟುಗೂಡಿ ಸವಾರರಿಗೆ ಬೂದು ಬಣ್ಣದ ಒಂದೇ ಬಗೆಯ ಜರ್ಸಿ ಕೊಟ್ಟಿದ್ದವು. ಟೂರ್ ದ ಫ್ರಾನ್ಸ್‌ನಲ್ಲಿ ಮುಂದಿರುವವರು ಯಾರೆಂದು ದಾರಿಬದಿಯ ಜನರಿಗೆ ಗುರುತು ಹತ್ತುತ್ತಿರಲಿಲ್ಲ. ಅದಕ್ಕೆ ಪರಿಹಾರವಾಗಿ ಎಜೆನ್ ಕ್ರಿಸ್ಟೋಫ್‌ಗೆ ಹಳದಿ ಜರ್ಸಿ ತೊಡಿಸಲಾಯಿತು. ಪಂದ್ಯ ನಡೆಸುತ್ತಿದ್ದ ‘ಲೋಟೋ’ ಪತ್ರಿಕೆ ಅಚ್ಚಾಗುತ್ತಿದ್ದದ್ದೂ ಹಳದಿ ಕಾಗದದ ಮೇಲೆಯೇ. ಇಟಲಿಯ ಜಿರೋ ಪಂದ್ಯದಲ್ಲಿ 1931ರಲ್ಲಿ ಬಂದ ಗುಲಾಬಿ ಜರ್ಸಿಯದೂ ಇದೇ ಕತೆ: ‘ಗಜೆಟ್ಟಾ ದೆಲ್ಲೊ ಸ್ಪೋರ್ಟ್’ ಪತ್ರಿಕೆಯ ಕಾಗದ ಗುಲಾಬಿ. ಇಂದು ಗೌರವದ ಸಂಕೇತವಾಗಿರುವ ಎರಡೂ ಬಣ್ಣಗಳು ಪತ್ರಿಕೆಗಳ ಗುರುತುಗಳೇ.

ಎದೆಯ ಮೇಲಿನ ಹೆಸರು ಮಾತ್ರ ಬಹುಕಾಲ ಸೈಕಲ್ ಮತ್ತು ಟೈರು ತಯಾರಕರದೇ ಆಗಿತ್ತು. 1950ರ ದಶಕದಲ್ಲಿ ಇಟಲಿಯ ಜನ ಸ್ಕೂಟರು, ಕಾರುಗಳತ್ತ ಹೊರಳಿದರು. ಸೈಕಲ್ ಕಂಪನಿಗಳ ಕೈ ಬರಿದಾಯಿತು. ಆಗ, 1954ರಲ್ಲಿ, ಫಿಯೊರೆಂಜೊ ಮಾಗ್ನಿ ಎಂಬ ಸವಾರ ನಿವಿಯಾ ಕ್ರೀಮಿನ ಹೆಸರು ತೊಟ್ಟು ಪಂದ್ಯಕ್ಕಿಳಿದ. ಸೈಕಲ್ಲಿಗೂ ಮುಖಕ್ಕೆ ಹಚ್ಚುವ ಕ್ರೀಮಿಗೂ ಏನು ಸಂಬಂಧ ಎಂದು ಕೇಳಿದವರಿದ್ದರು. ಸಂಬಂಧ ಸಂಬಳದ್ದು. ಟೂರ್ ದ ಫ್ರಾನ್ಸ್ 1961ರವರೆಗೂ ರಾಷ್ಟ್ರೀಯ ಮತ್ತು ಪ್ರಾದೇಶಿಕ ತಂಡಗಳನ್ನೇ ಇಟ್ಟುಕೊಂಡು ಕೊನೆಗೆ ಕಂಪನಿ ತಂಡಗಳಿಗೆ ಬಾಗಿಲು ತೆರೆಯಿತು.

ಭಾರತದಲ್ಲಿ ಇದೇ ಸಂಬಂಧ ಬೇರೆ ರೂಪ ತಾಳಿತು. ತಳೇಗಾಂವದ ಪಕ್ಕದ ಈ ಹೆದ್ದಾರಿಯೇ ಪುಣೆ, ಕೊಲ್ಹಾಪುರ ದಾಟಿ ಬೆಳಗಾವಿ, ಧಾರವಾಡಕ್ಕೆ ಬರುತ್ತದೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳ ಹಳ್ಳಿಗಳಿಂದ ರಾಷ್ಟ್ರಮಟ್ಟದ ಸೈಕಲ್ ಪಟುಗಳು ಬಂದಿದ್ದಾರೆ, ಅನೇಕರು ರೈತ ಕುಟುಂಬಗಳವರು. ಅಂಥ ಹುಡುಗನ ಎದೆಯ ಮೇಲೆ ಮೊದಲು ಜಿಲ್ಲೆಯ ಹೆಸರು, ಆಮೇಲೆ ‘ಕರ್ನಾಟಕ’, ಅದೃಷ್ಟವಿದ್ದರೆ ‘ರೈಲ್ವೆ’ ಅಥವಾ ‘ಸರ್ವಿಸಸ್’. ಈ ಕೊನೆಯ ಹೆಸರುಗಳು ಜಾಹೀರಾತಲ್ಲ. ಕ್ರೀಡಾ ಕೋಟಾದ ನೌಕರಿ, ತಿಂಗಳ ಪಗಾರ, ಪಿಂಚಣಿ ಎಂದು ಅವುಗಳ ಅರ್ಥ. ಮನೆಯವರು ಜರ್ಸಿಯಲ್ಲಿ ಓದುವುದೂ ಅದನ್ನೇ.

ಸಣ್ಣಪುಟ್ಟ ಕ್ಲಬ್ಬುಗಳಿಗೂ ಸ್ವಂತ ಜರ್ಸಿ ಸಾಧ್ಯವಾದದ್ದು ರಸಾಯನಶಾಸ್ತ್ರದಿಂದ. ಡಬ್ಬಿಯಲ್ಲಿಟ್ಟ ಕರ್ಪೂರ ನೀರಾಗದೆ ಹಾಗೆಯೇ ಆವಿಯಾಗುತ್ತದಲ್ಲ, ಅದು ಉತ್ಪತನ. ಕೆಲವು ಬಣ್ಣಗಳೂ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೀಗೆ ಆವಿಯಾಗಿ ಪಾಲಿಯೆಸ್ಟರ್ ಎಳೆಯ ಒಳಗೆ ಸೇರಿಕೊಳ್ಳುತ್ತವೆ. ಹಳೆಯ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಬಣ್ಣಕ್ಕೊಂದು ಚೌಕಟ್ಟು ಬೇಕು, ನೂರಾರು ಅಂಗಿಗಳಿಲ್ಲದೆ ಖರ್ಚು ಗಿಟ್ಟದು. ಈಗ ವಿನ್ಯಾಸವನ್ನು ಕಂಪ್ಯೂಟರಿನಿಂದ ಕಾಗದಕ್ಕೆ ತಿರುವುಮುರುವಾಗಿ ಮುದ್ರಿಸಿ, ಬಿಳಿ ಪಾಲಿಯೆಸ್ಟರ್ ಬಟ್ಟೆಯ ಮೇಲಿಟ್ಟು ಬಿಸಿ ಒತ್ತಿದರಾಯಿತು. ಹದಿನೈದು ಅಂಗಿಗಳಿಗೂ ಪ್ರತಿಯೊಂದರ ಮೇಲೆ ಬೇರೆ ಹೆಸರು ಹಾಕಬಹುದು.

ವಿನ್ಯಾಸಕಾರನ ಕಷ್ಟ ಆಮೇಲೆ ಶುರು. ಸವಾರ ಬಾಗಿ ಕುಳಿತಾಗ ಎದೆ ಕಾಣುವುದಿಲ್ಲ. ಹಿಂದಿನ ಲಾರಿಯವನಿಗೆ ಕಾಣುವುದು ಸೊಂಟ ಮತ್ತು ಭುಜ. ಬೆನ್ನಿನ ಮೂರು ಕಿಸೆಗಳಲ್ಲಿ ಬಾಳೆಹಣ್ಣು, ಟ್ಯೂಬು, ಮೊಬೈಲು ತುಂಬಿದರೆ ಅಲ್ಲಿನ ಅಕ್ಷರಗಳು ಉಬ್ಬಿ ಸೊಟ್ಟಗಾಗುತ್ತವೆ. ಮುಖ್ಯ ಹೆಸರು ಕಿಸೆಯ ಮೇಲ್ಗಡೆ ಬರಬೇಕು, ಹೊಲಿಗೆ ಅದನ್ನು ಸೀಳಬಾರದು. ಕನ್ನಡದಲ್ಲಿ ಬರೆದರೆ ಮತ್ತೊಂದು ಎಚ್ಚರ ಬೇಕು. ತೆಳ್ಳಗಿನ ಒತ್ತಕ್ಷರ ಎಳೆದ ಬಟ್ಟೆಯಲ್ಲಿ ಮಾಯವಾಗುತ್ತದೆ, ದಪ್ಪ ಅಚ್ಚು ಹಾಗೂ ಸಾಲಿನ ಕೆಳಗೆ ಧಾರಾಳ ಜಾಗವಿರಬೇಕು.

ಕಾರ್ಪೊರೇಟ್ ತಂಡದಲ್ಲಿ ಅಂಗಿಯ ಖರ್ಚು ಕಂಪನಿ ಕೊಟ್ಟಿತೆಂದರೆ ಅದರ ಲಾಂಛನ ದೊಡ್ಡದಾಗುತ್ತದೆ. ನೌಕರ ತನ್ನ ರಜೆಯ ಬೆವರಿನಲ್ಲಿ ಅದನ್ನು ಹೊತ್ತು ಸಾಗುತ್ತಾನೆ, ಅನೇಕರು ಹೆಮ್ಮೆಯಿಂದಲೇ. ಆದರೆ ಆ ಬಂಧ ಎಷ್ಟು ದಿನದ್ದೆಂದು ತಳೇಗಾಂವಕ್ಕೆ ಗೊತ್ತು. ಜನರಲ್ ಮೋಟಾರ್ಸ್ ಇಲ್ಲಿನ ಕಾರು ಕಾರ್ಖಾನೆಯಲ್ಲಿ 2020ರ ಡಿಸೆಂಬರಿನಲ್ಲಿ ಉತ್ಪಾದನೆ ನಿಲ್ಲಿಸಿತು, ಕಾರ್ಮಿಕರು ಕೆಲಸ ಕಳೆದುಕೊಂಡರು. ಪಾಲಿಯೆಸ್ಟರಿಗೆ ಹತ್ತಿದ ಬಣ್ಣ ಸುಲಭಕ್ಕೆ ಮಾಸದು, ನೌಕರಿಗೆ ಆ ಗ್ಯಾರಂಟಿ ಇಲ್ಲ.

ಇದೇ ಊರಿನ ಇನ್ನೊಂದು ಕಾರ್ಖಾನೆ ಬೇರೆ ದಾರಿ ತೋರಿತ್ತು. ಸ್ವದೇಶಿ ಚಳವಳಿಯ ದಿನಗಳಲ್ಲಿ ಅಂತಾಜಿ ದಾಮೋದರ ಕಾಳೆ ಎಂಬವರು ಜನರಿಂದ ವರ್ಷಕ್ಕೊಂದು ಪೈಸೆ ಎತ್ತಿ ನಿಧಿ ಕೂಡಿಸಿದರು. ತಿಲಕರು ಬೆಂಬಲಕ್ಕೆ ನಿಂತರು. ಆ ಹಣದಿಂದ 1908ರಲ್ಲಿ ತಳೇಗಾಂವದಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆ ಶುರುವಾಯಿತು. ಅದಕ್ಕೆ ಇಟ್ಟ ಹೆಸರು ಯಾವ ಧಣಿಯದೂ ಅಲ್ಲ, ಕೊಟ್ಟ ಪೈಸೆಯದು. ಸದಸ್ಯರೇ ಹಣ ಹಾಕಿ ಹೊಲಿಸಿಕೊಳ್ಳುವ ಕ್ಲಬ್ ಜರ್ಸಿ ಇದೇ ಲೆಕ್ಕದ್ದು. ಅದರ ಎದೆಯ ಮೇಲೆ ಊರಿನ ಹೆಸರಿರಬೇಕೇ, ಯಾವ ಲಿಪಿಯಲ್ಲಿರಬೇಕು, ಎಷ್ಟು ದೊಡ್ಡದಿರಬೇಕು ಎಂದು ಜಗಳವಾಡುವ ಹಕ್ಕು ತೊಡುವವರದೇ.