ನ್ಯಾಷನಲ್ ಪ್ಲೇರೈಟ್ಸ್ ಕಾನ್ಫರೆನ್ಸ್

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಕಡಲತೀರದ ಊರು ವಾಟರ್‌ಫರ್ಡ್‌ನಲ್ಲಿ ಪ್ರತಿ ಬೇಸಿಗೆ ನಡೆಯುವ ಹೊಸ ನಾಟಕಗಳ ಉತ್ಸವ. ಯೂಜೀನ್ ಓನೀಲ್ ಥಿಯೇಟರ್ ಸೆಂಟರ್ ಇದನ್ನು 1965ರಿಂದ ನಡೆಸುತ್ತಿದೆ. ಇಲ್ಲಿ ರಂಗಕ್ಕೆ ಬರುವ ನಾಟಕಗಳು ಇನ್ನೂ ಬರವಣಿಗೆಯ ಹಂತದಲ್ಲೇ ಇರುತ್ತವೆ. ನಟರು ಹಸ್ತಪ್ರತಿಯನ್ನು ಕೈಯಲ್ಲಿ ಹಿಡಿದೇ ಪ್ರೇಕ್ಷಕರ ಮುಂದೆ ಆಡುತ್ತಾರೆ. ನಾಟಕಕಾರ ಕೇಳುತ್ತಾನೆ, ತಿದ್ದುತ್ತಾನೆ, ಮರುಪ್ರದರ್ಶನಕ್ಕೆ ಹೊಸ ಪುಟಗಳನ್ನು ತರುತ್ತಾನೆ. ಆಗಸ್ಟ್ ವಿಲ್ಸನ್, ಜಾನ್ ಗುಆರ್, ವೆಂಡಿ ವಾಸರ್‌ಸ್ಟೈನ್, ಡೇವಿಡ್ ಹೆನ್ರಿ ಹ್ವಾಂಗ್ ಮೊದಲಾದವರ ಬೆಳವಣಿಗೆಯಲ್ಲಿ ಈ ಉತ್ಸವದ ಪಾಲು ದೊಡ್ಡದು. ನಾಟಕವನ್ನು ಮಾರುಕಟ್ಟೆಯ ತೀರ್ಪಿಗೆ ಒಪ್ಪಿಸುವ ಮೊದಲು ಲೇಖಕನಿಗೆ ಕಾಲ, ನಟರು ಮತ್ತು ಕೇಳುಗರು ಸಿಗಬೇಕೆಂಬ ವಿಚಾರವನ್ನು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಒಂದು ಸ್ಥಿರ ಪದ್ಧತಿಯಾಗಿ ಬೆಳೆಸಿದ ಮುಖ್ಯ ಸಂಸ್ಥೆಗಳಲ್ಲಿ ಇದು ಒಂದು.

ಹಿನ್ನೆಲೆ

ಅಮೆರಿಕದಲ್ಲಿ ಹೊಸ ನಾಟಕಕಾರರನ್ನು ಬೆಳೆಸುವ ಯತ್ನಗಳು ಈ ಉತ್ಸವಕ್ಕಿಂತ ಹಳೆಯವು. ಹಾರ್ವರ್ಡ್‌ನಲ್ಲಿ ಜಾರ್ಜ್ ಪಿಯರ್ಸ್ ಬೇಕರ್ ನಾಟಕ ರಚನೆಯ ಪಾಠ ಹೇಳುತ್ತಿದ್ದರು. 1914ರಲ್ಲಿ ಅವರ ತರಗತಿ ಸೇರಿದವರಲ್ಲಿ ಯೂಜೀನ್ ಓನೀಲ್ ಒಬ್ಬ. 1916ರ ಬೇಸಿಗೆಯಲ್ಲಿ ಮ್ಯಾಸಚೂಸೆಟ್ಸ್‌ನ ಪ್ರಾವಿನ್ಸ್‌ಟೌನ್ ಎಂಬ ಮೀನುಗಾರರ ಊರಿನ ಹಡಗುಕಟ್ಟೆಯ ಮೇಲಿದ್ದ ಪುಟ್ಟ ರಂಗದಲ್ಲಿ ಓನೀಲ್‌ನ ನಾಟಕವೊಂದು ಮೊದಲ ಬಾರಿಗೆ ಪ್ರಯೋಗ ಕಂಡಿತು. ಅದನ್ನು ಆಡಿದ ಪ್ರಾವಿನ್ಸ್‌ಟೌನ್ ಪ್ಲೇಯರ್ಸ್ ಅಮೆರಿಕದ ಹೊಸ ಬರಹಗಾರರಿಗಾಗಿಯೇ ಕಟ್ಟಿಕೊಂಡ ತಂಡ. ಮುಂದೆ 1936ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಲೇಖಕನಿಗೂ ಮೊದಲ ನೆಲೆ ಸಿಕ್ಕಿದ್ದು ಇಂಥ ಸಣ್ಣ ಜಾಗದಲ್ಲಿ.

ವ್ಯಾಪಾರಿ ರಂಗಭೂಮಿಗೂ ತನ್ನದೇ ತಿದ್ದುಪಡಿಯ ಕ್ರಮವಿತ್ತು. ಬ್ರಾಡ್‌ವೇಗೆ ಹೋಗುವ ನಾಟಕವನ್ನು ಮೊದಲು ನ್ಯೂ ಹೇವನ್, ಬಾಸ್ಟನ್, ಫಿಲಡೆಲ್ಫಿಯಾಗಳಲ್ಲಿ ಆಡಿಸಿ, ಪ್ರೇಕ್ಷಕರ ಪ್ರತಿಕ್ರಿಯೆ ನೋಡಿಕೊಂಡು, ದೃಶ್ಯಗಳನ್ನು ಬದಲಿಸಿ ನ್ಯೂಯಾರ್ಕಿಗೆ ತರುತ್ತಿದ್ದರು. ಆದರೆ ಅಷ್ಟು ಹೊತ್ತಿಗೆ ನಿರ್ಮಾಪಕರ ಹಣ ಪೂರ್ತಿ ತೊಡಗಿಬಿಟ್ಟಿರುತ್ತಿತ್ತು. ಲೇಖಕ ಗಡುವಿನ ಒತ್ತಡದಲ್ಲೇ ತಿದ್ದಬೇಕಿತ್ತು. ಎರಡನೆಯ ಮಹಾಯುದ್ಧದ ನಂತರ ನಿರ್ಮಾಣವೆಚ್ಚ ಏರುತ್ತ ಹೋದಂತೆ ಹೊಸ ಲೇಖಕರ ಗಂಭೀರ ನಾಟಕಗಳಿಗೆ ಬಂಡವಾಳ ಹೂಡುವವರು ಕಡಿಮೆಯಾದರು. 1949ರಲ್ಲಿ ಸ್ಥಾಪನೆಯಾದ ನ್ಯೂ ಡ್ರಾಮಟಿಸ್ಟ್ಸ್, ಆಮೇಲೆ ನ್ಯೂಯಾರ್ಕಿನ ಕೆಫೆ ಚೀನೊ, ಲಾ ಮಾಮಾದಂಥ ಕಿರು ರಂಗಗಳು ಆ ಕೊರತೆಯನ್ನು ಸ್ವಲ್ಪ ತುಂಬಿದವು. ದೇಶದ ಎಲ್ಲ ಕಡೆಯ ಬರಹಗಾರರಿಗೆ ಬಾಗಿಲು ತೆರೆದು, ಅವರೆಲ್ಲ ಒಂದೆಡೆ ಉಳಿದು ಕೆಲಸ ಮಾಡುವಂಥ ತಾಣದ ಅಗತ್ಯ ಉಳಿದೇ ಇತ್ತು.

ಸ್ಥಾಪನೆ

ಅಂಥ ತಾಣವನ್ನು ಕಟ್ಟಿದವರು ಜಾರ್ಜ್ ಸಿ. ವೈಟ್. ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿದ, ವಾಟರ್‌ಫರ್ಡ್ ಪರಿಸರದಲ್ಲೇ ಬೆಳೆದ ವೈಟ್‌ಗೆ 1964ರಲ್ಲಿ ಇನ್ನೂ ಮೂವತ್ತು ತುಂಬಿರಲಿಲ್ಲ. ಲಾಂಗ್ ಐಲೆಂಡ್ ಸೌಂಡ್ ಎಂಬ ಕಡಲತೋಳಿನ ದಂಡೆಯಲ್ಲಿದ್ದ ಹ್ಯಾಮಂಡ್ ಎಸ್ಟೇಟಿನ ಬಂಗಲೆ ಮತ್ತು ಕೊಟ್ಟಿಗೆಗಳು ಆಗ ಪಾಳುಬಿದ್ದಿದ್ದವು. ಬಂಗಲೆಯನ್ನು ಅಗ್ನಿಶಾಮಕ ದಳದ ತಾಲೀಮಿಗಾಗಿ ಸುಟ್ಟುಹಾಕುವ ಯೋಚನೆ ಊರಿನ ಆಡಳಿತಕ್ಕಿತ್ತು. ವೈಟ್ ಆ ಆಡಳಿತವನ್ನು ಒಪ್ಪಿಸಿ, ವರ್ಷಕ್ಕೆ ಒಂದು ಡಾಲರ್ ಬಾಡಿಗೆಗೆ ಆ ಜಾಗವನ್ನು ರಂಗಕೇಂದ್ರಕ್ಕೆ ಪಡೆದರು.

ಕೇಂದ್ರಕ್ಕೆ ಓನೀಲ್ ಹೆಸರಿಟ್ಟದ್ದಕ್ಕೆ ಸ್ಥಳದ ಕಾರಣವೂ ಇದೆ. ಓನೀಲ್ ಬಾಲ್ಯದ ಬೇಸಿಗೆಗಳನ್ನು ಕಳೆದ ಮಾಂಟಿ ಕ್ರಿಸ್ಟೊ ಕಾಟೇಜ್ ಇರುವುದು ಪಕ್ಕದ ನ್ಯೂ ಲಂಡನ್ ಪಟ್ಟಣದಲ್ಲಿ. ಅವನ 'ಲಾಂಗ್ ಡೇಸ್ ಜರ್ನಿ ಇನ್‌ಟು ನೈಟ್' ನಾಟಕದ ಮನೆಗೆ ಅದೇ ಮಾದರಿ. ಆ ಸೀಮೆಯ ಸಿರಿವಂತ ಜಮೀನ್ದಾರರ ಛಾಯೆ ಅವನ 'ಎ ಮೂನ್ ಫಾರ್ ದ ಮಿಸ್‌ಬಿಗಾಟನ್' ನಾಟಕದ ಹಾರ್ಡರ್ ಪಾತ್ರದಲ್ಲಿದೆ. ಎಸ್ಟೇಟಿನ ಒಡೆಯ ಹ್ಯಾಮಂಡ್ ಅವರಲ್ಲೊಬ್ಬ. ಮುಂದೆ ಮಾಂಟಿ ಕ್ರಿಸ್ಟೊ ಕಾಟೇಜ್ ಕೂಡ ಕೇಂದ್ರದ ಸುಪರ್ದಿಗೆ ಬಂದು ವಸ್ತುಸಂಗ್ರಹಾಲಯವಾಯಿತು.

ಮೊದಲ ವರ್ಷಗಳು

1965ರ ಮೊದಲ ಸಮಾವೇಶಕ್ಕೆ ಸುಮಾರು ಇಪ್ಪತ್ತು ಯುವ ನಾಟಕಕಾರರು ಬಂದರು. ಆ ವರ್ಷ ನಡೆದದ್ದು ಹೆಚ್ಚಾಗಿ ಚರ್ಚೆ, ಉಪನ್ಯಾಸ. ಆದರೆ ಬರಹಗಾರರಿಗೆ ಬೇಕಾಗಿದ್ದುದು ತಮ್ಮ ನಾಟಕವನ್ನು ನಟರ ಬಾಯಲ್ಲಿ ಕೇಳುವ ಅವಕಾಶ. ಮರುವರ್ಷದಿಂದ ನಾಟಕಗಳು ರಂಗವೇರತೊಡಗಿದವು. 1966ರಲ್ಲಿ ಜಾನ್ ಗುಆರ್ ಬರೆದ 'ದ ಹೌಸ್ ಆಫ್ ಬ್ಲೂ ಲೀವ್ಸ್' ನಾಟಕದ ಮೊದಲ ಅಂಕ ಇಲ್ಲಿ ಪ್ರಯೋಗವಾಯಿತು. 1965ರ ಅಕ್ಟೋಬರಿನಲ್ಲಿ ಪೋಪ್ ಆರನೆಯ ಪಾಲ್ ನ್ಯೂಯಾರ್ಕಿಗೆ ಬಂದ ದಿನ ನಡೆಯುವ ಕತೆ ಅದು. ಎರಡನೆಯ ಅಂಕ ಹದಕ್ಕೆ ಬರಲು ವರ್ಷಗಳೇ ಹಿಡಿದವು. ಇಡೀ ನಾಟಕ ನ್ಯೂಯಾರ್ಕಿನಲ್ಲಿ ತೆರೆಕಂಡದ್ದು 1971ರಲ್ಲಿ. ಅರ್ಧ ನಾಟಕವನ್ನೂ ಮರ್ಯಾದೆಯಿಂದ ಬರಮಾಡಿಕೊಳ್ಳುವ ಜಾಗವೊಂದು ಹುಟ್ಟಿದೆಯೆಂಬುದಕ್ಕೆ ಇದೇ ಮೊದಲ ದೊಡ್ಡ ಸಾಕ್ಷಿ.

ಬಯಲು ರಂಗವನ್ನೂ ಕೊಟ್ಟಿಗೆಯ ರಂಗವನ್ನೂ ಕಟ್ಟುವ ಕೆಲಸಕ್ಕೆ ಆ ಬೇಸಿಗೆಗಳಲ್ಲಿ ಬಂದ ಹುಡುಗರಲ್ಲಿ ಮುಂದೆ ಚಿತ್ರನಟನಾಗಿ ಹೆಸರಾದ ಮೈಕಲ್ ಡಗ್ಲಸ್ ಒಬ್ಬ.

ಲಾಯ್ಡ್ ರಿಚರ್ಡ್ಸ್ ಮತ್ತು ಕೆಲಸದ ಕ್ರಮ

ಉತ್ಸವಕ್ಕೆ ಇಂದಿನ ರೂಪ ಕೊಟ್ಟವರು ಲಾಯ್ಡ್ ರಿಚರ್ಡ್ಸ್. 1959ರಲ್ಲಿ ಲೊರೇನ್ ಹ್ಯಾನ್ಸ್‌ಬೆರಿಯ 'ಎ ರೇಸಿನ್ ಇನ್ ದ ಸನ್' ನಾಟಕವನ್ನು ಬ್ರಾಡ್‌ವೇಯಲ್ಲಿ ನಿರ್ದೇಶಿಸಿ ಇತಿಹಾಸ ಮಾಡಿದ ಕಪ್ಪು ನಿರ್ದೇಶಕ ಇವರು. 1968ರಿಂದ 1999ರವರೆಗೆ ಇಲ್ಲಿನ ಕಲಾ ನಿರ್ದೇಶಕರಾಗಿದ್ದರು. ಆ ಅವಧಿಯೊಳಗೇ 1979ರಿಂದ 1991ರವರೆಗೆ ಯೇಲ್ ಸ್ಕೂಲ್ ಆಫ್ ಡ್ರಾಮಾದ ಡೀನ್ ಆಗಿಯೂ ಯೇಲ್ ರೆಪರ್ಟರಿ ಥಿಯೇಟರಿನ ಮುಖ್ಯಸ್ಥರಾಗಿಯೂ ದುಡಿದರು.

ರಿಚರ್ಡ್ಸ್ ನೆಲೆಗೊಳಿಸಿದ ಕ್ರಮದಲ್ಲಿ ಪ್ರತಿಯೊಂದು ನಿಯಮವೂ ಲೇಖಕನ ಕಡೆಗೆ ವಾಲುತ್ತದೆ. ಯಾರು ಬೇಕಾದರೂ ಹಸ್ತಪ್ರತಿ ಕಳಿಸಬಹುದು. ಏಜೆಂಟರ ಶಿಫಾರಸು ಬೇಕಿಲ್ಲ. ನೂರಾರು ಹಸ್ತಪ್ರತಿಗಳನ್ನು ಓದುಗರ ತಂಡ ಜರಡಿ ಹಿಡಿದು ಬೆರಳೆಣಿಕೆಯಷ್ಟನ್ನು ಆರಿಸುತ್ತದೆ. ಬೇಸಿಗೆಗೆ ಮುಂಚೆ ಆಯ್ಕೆಯಾದ ಲೇಖಕರು ಒಮ್ಮೆ ಕೂಡುತ್ತಾರೆ. ಅಲ್ಲಿ ಪ್ರತಿಯೊಬ್ಬ ಲೇಖಕನೂ ತನ್ನ ನಾಟಕವನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಓದಬೇಕು. ಮನಸ್ಸಿನಲ್ಲಿರುವ ಲಯ, ವಿರಾಮ, ಒತ್ತು ಯಾವುದು ಎಂಬುದು ನಿರ್ದೇಶಕನಿಗೆ ಹೀಗೆ ನೇರವಾಗಿ ತಲುಪುತ್ತದೆ.

ಬೇಸಿಗೆಯಲ್ಲಿ ವೃತ್ತಿನಿರತ ನಟರ ತಂಡ ಬರುತ್ತದೆ. ಒಂದೊಂದು ನಾಟಕಕ್ಕೆ ಕೆಲವೇ ದಿನಗಳ ತಾಲೀಮು, ಆಮೇಲೆ ಎರಡು ಸಾರ್ವಜನಿಕ ಪ್ರದರ್ಶನ. ಬಾಗಿಲು, ಮೆಟ್ಟಿಲು, ಕುರ್ಚಿಗಳನ್ನು ಸೂಚಿಸುವ ಸರಳ ಮರದ ತುಂಡುಗಳೇ ಎಲ್ಲ ನಾಟಕಗಳಿಗೂ ರಂಗಸಜ್ಜಿಕೆ. ವೇಷಭೂಷಣದ ಆಡಂಬರವಿಲ್ಲ. ಮಾತು ತನ್ನ ಬಲದ ಮೇಲೆ ನಿಲ್ಲುತ್ತದೆಯೋ ಇಲ್ಲವೋ ಎಂಬುದು ಬರಿಗಣ್ಣಿಗೆ ಕಾಣಬೇಕೆಂಬುದೇ ಇದರ ಉದ್ದೇಶ. ಮೊದಲ ಪ್ರದರ್ಶನದಲ್ಲಿ ಪ್ರೇಕ್ಷಕರು ಎಲ್ಲಿ ನಕ್ಕರು, ಎಲ್ಲಿ ಕೆಮ್ಮಿದರು, ಎಲ್ಲಿ ಉಸಿರು ಬಿಗಿಹಿಡಿದರು ಎಂಬುದನ್ನು ಗಮನಿಸಿ ಲೇಖಕ ಮತ್ತೆ ಬರೆಯುತ್ತಾನೆ. ಎರಡನೆಯದಕ್ಕೆ ನಟರ ಕೈಗೆ ಹೊಸ ಪುಟಗಳು ಬರುತ್ತವೆ. ನಾಟಕವನ್ನು ಪತ್ರಿಕಾ ವಿಮರ್ಶೆಯಿಂದ ಕಾಪಾಡುವುದು ಈ ಕ್ರಮದ ಇನ್ನೊಂದು ಅಂಗ.

ಲೇಖಕನ ಜೊತೆ ಕೂತು ಪಠ್ಯವನ್ನು ಪರಿಶೀಲಿಸುವ ಡ್ರಾಮಟರ್ಗ್ ಎಂಬ ಹುದ್ದೆ ಅಮೆರಿಕದಲ್ಲಿ ಬೇರೂರಲು ಈ ಉತ್ಸವ ನೆರವಾಯಿತು. 'ದ ನ್ಯೂಯಾರ್ಕರ್' ಪತ್ರಿಕೆಯ ವಿಮರ್ಶಕಿ ಈಡಿತ್ ಆಲಿವರ್ ಅನೇಕ ಬೇಸಿಗೆಗಳಲ್ಲಿ ಇಲ್ಲಿ ಆ ಕೆಲಸ ಮಾಡಿದರು. ಇಲ್ಲಿನ ಒಂದು ಬಯಲು ರಂಗಕ್ಕೆ ಅವರ ಹೆಸರಿದೆ. ಅಸಂಗತ ನಾಟಕಗಳ ಬಗ್ಗೆ ಬರೆದು ಪ್ರಸಿದ್ಧರಾದ ಮಾರ್ಟಿನ್ ಎಸ್ಲಿನ್ ಕೂಡ ಇಲ್ಲಿ ಡ್ರಾಮಟರ್ಗ್ ಆಗಿದ್ದರು.

ಆಗಸ್ಟ್ ವಿಲ್ಸನ್

ಈ ಕ್ರಮದ ಫಲವನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುವುದು ಆಗಸ್ಟ್ ವಿಲ್ಸನ್ ಅವರ ಬೆಳವಣಿಗೆ. ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿ, ಶಾಲೆಯನ್ನು ಅರ್ಧಕ್ಕೇ ಬಿಟ್ಟು, ಗ್ರಂಥಾಲಯದಲ್ಲಿ ಓದಿ ಬೆಳೆದ ವಿಲ್ಸನ್ ಮಿನೆಸೋಟ ರಾಜ್ಯದ ಸೇಂಟ್ ಪಾಲ್‌ನಲ್ಲಿ ಅಡುಗೆ ಕೆಲಸ ಮಾಡುತ್ತ ನಾಟಕ ಬರೆಯುತ್ತಿದ್ದರು. ಅವರು ಮೊದಲು ಕಳಿಸಿದ ಹಸ್ತಪ್ರತಿಗಳೆಲ್ಲ ಇಲ್ಲಿಂದ ಹಿಂದಿರುಗಿದವು. 1927ರ ಷಿಕಾಗೊದ ಧ್ವನಿಮುದ್ರಣ ಸ್ಟುಡಿಯೊ ಒಂದರಲ್ಲಿ ನಡೆಯುವ 'ಮಾ ರೇನೀಸ್ ಬ್ಲ್ಯಾಕ್ ಬಾಟಮ್' ಮಾತ್ರ ಆಯ್ಕೆಯಾಗಿ 1982ರ ಉತ್ಸವಕ್ಕೆ ಬಂತು. ಲೆವಿ ಎಂಬ ವಾದಕನ ಪಾತ್ರವನ್ನು ಅಲ್ಲಿ ಚಾರ್ಲ್ಸ್ ಡಟನ್ ಓದಿದರು. ಆ ಪಾತ್ರ ಅವರೊಂದಿಗೇ ಬ್ರಾಡ್‌ವೇ ತನಕ ಹೋಯಿತು.

ರಿಚರ್ಡ್ಸ್ ಈ ನಾಟಕವನ್ನು 1984ರಲ್ಲಿ ಯೇಲ್ ರೆಪರ್ಟರಿಯಲ್ಲಿ, ಅದೇ ವರ್ಷ ಬ್ರಾಡ್‌ವೇಯಲ್ಲಿ ನಿರ್ದೇಶಿಸಿದರು. 1983ರಲ್ಲಿ 'ಫೆನ್ಸಸ್', ಆಮೇಲೆ 'ಜೋ ಟರ್ನರ್ಸ್ ಕಮ್ ಅಂಡ್ ಗಾನ್', 'ದ ಪಿಯಾನೊ ಲೆಸನ್' ನಾಟಕಗಳೂ ವಾಟರ್‌ಫರ್ಡ್‌ನಲ್ಲೇ ಮೊದಲು ಕೇಳಿಸಿದವು. 'ಫೆನ್ಸಸ್' ಮೊದಲ ರೂಪದಲ್ಲಿ ಬಹಳ ಉದ್ದವಿತ್ತು. ಅದನ್ನು ಕೇಳಿಯೇ ಕತ್ತರಿಸಬೇಕಾದದ್ದು ಯಾವುದೆಂದು ಲೇಖಕನಿಗೆ ಗೊತ್ತಾಯಿತು. 1987ರಲ್ಲಿ 'ಫೆನ್ಸಸ್'ಗೆ, 1990ರಲ್ಲಿ 'ದ ಪಿಯಾನೊ ಲೆಸನ್'ಗೆ ಪುಲಿಟ್ಜರ್ ಪ್ರಶಸ್ತಿ ಬಂತು. ವಾಟರ್‌ಫರ್ಡ್‌ನಲ್ಲಿ ವಾಚನ, ಯೇಲ್‌ನಲ್ಲಿ ಪ್ರಯೋಗ, ಬೇರೆ ನಗರಗಳ ರಂಗಮಂದಿರಗಳಲ್ಲಿ ಮತ್ತಷ್ಟು ತಿದ್ದುಪಡಿ, ಕೊನೆಗೆ ಬ್ರಾಡ್‌ವೇ ಎಂಬ ದಾರಿಯನ್ನು ಇಬ್ಬರೂ ಸೇರಿ ಸವೆಸಿದರು. ಕಪ್ಪು ಅಮೆರಿಕನ್ನರ ಇಪ್ಪತ್ತನೆಯ ಶತಮಾನದ ಬದುಕನ್ನು ದಶಕಕ್ಕೊಂದರಂತೆ ಹತ್ತು ನಾಟಕಗಳಲ್ಲಿ ಹಿಡಿದ ವಿಲ್ಸನ್ ಮಾಲೆ ಈ ದಾರಿಯಲ್ಲೇ ಗಟ್ಟಿಯಾಯಿತು. ಹಲವು ಬಾರಿ ತಿರಸ್ಕರಿಸಿದ ಲೇಖಕನ ಮುಂದಿನ ಹಸ್ತಪ್ರತಿಯನ್ನೂ ಅಷ್ಟೇ ಶ್ರದ್ಧೆಯಿಂದ ಓದುವ ವ್ಯವಸ್ಥೆ ಇಲ್ಲದಿದ್ದರೆ ಈ ಮಾಲೆ ರಂಗಕ್ಕೆ ಬರುವ ಬಗೆಯೇ ಬೇರೆಯಾಗುತ್ತಿತ್ತು.

ಇತರ ನಾಟಕಕಾರರು

ವೆಂಡಿ ವಾಸರ್‌ಸ್ಟೈನ್ ಅವರ 'ಅನ್‌ಕಾಮನ್ ವಿಮೆನ್ ಅಂಡ್ ಅದರ್ಸ್' 1977ರಲ್ಲಿ ಇಲ್ಲಿ ರೂಪುಗೊಂಡು ಅದೇ ವರ್ಷ ನ್ಯೂಯಾರ್ಕಿಗೆ ಹೋಯಿತು. ಹೆಂಗಸರ ಕಾಲೇಜಿನ ಗೆಳತಿಯರನ್ನೇ ಮುಖ್ಯ ಪಾತ್ರಗಳಾಗಿಸಿದ ಈ ನಾಟಕ ಹೊಸ ಪೀಳಿಗೆಯ ಲೇಖಕಿಯೊಬ್ಬಳನ್ನು ಪರಿಚಯಿಸಿತು. ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಯಾಗಿದ್ದ ಡೇವಿಡ್ ಹೆನ್ರಿ ಹ್ವಾಂಗ್ ಚೀನೀ ವಲಸಿಗರ ಬಗ್ಗೆ ಬರೆದ 'ಎಫ್‌ಒಬಿ' 1979ರ ಉತ್ಸವಕ್ಕೆ ಆಯ್ಕೆಯಾಯಿತು. ಅದೇ ಹ್ವಾಂಗ್ 1988ರಲ್ಲಿ 'ಎಂ. ಬಟರ್‌ಫ್ಲೈ' ನಾಟಕಕ್ಕೆ ಟೋನಿ ಪ್ರಶಸ್ತಿ ಪಡೆದರು. ಜಾನ್ ಪ್ಯಾಟ್ರಿಕ್ ಶ್ಯಾನ್ಲಿ, ಕ್ರಿಸ್ಟಫರ್ ಡುರಾಂಗ್, ಲೀ ಬ್ಲೆಸಿಂಗ್ ಇಲ್ಲಿ ದುಡಿದ ಇತರ ಪ್ರಮುಖರು. ನಟಿ ಮೆರಿಲ್ ಸ್ಟ್ರೀಪ್ ವೃತ್ತಿಗೆ ಕಾಲಿಟ್ಟ ಹೊಸದರಲ್ಲಿ, 1975ರಲ್ಲಿ, ಇಲ್ಲಿನ ನಟವರ್ಗದಲ್ಲಿದ್ದರು.

ಕೇಂದ್ರದ ಇತರ ಶಾಖೆಗಳು ಮತ್ತು ಪ್ರಭಾವ

ನಾಟಕಕಾರರ ಉತ್ಸವದ ಸುತ್ತ ಓನೀಲ್ ಕೇಂದ್ರ ಬೇರೆ ಕೆಲಸಗಳನ್ನೂ ಕಟ್ಟಿತು. ಕಿವುಡ ಕಲಾವಿದರ ನ್ಯಾಷನಲ್ ಥಿಯೇಟರ್ ಆಫ್ ದ ಡೆಫ್ 1967ರಲ್ಲಿ ಇಲ್ಲೇ ಆರಂಭವಾಯಿತು. ವಿಮರ್ಶಕರ ತರಬೇತಿ, ರಂಗಶಿಕ್ಷಣ, ಗೊಂಬೆಯಾಟಕ್ಕೆ ಪ್ರತ್ಯೇಕ ವಿಭಾಗಗಳು ಬಂದವು. 1978ರಲ್ಲಿ ತೊಡಗಿದ ಸಂಗೀತ ನಾಟಕಗಳ ಸಮಾವೇಶದಿಂದ 'ನೈನ್', 'ಅವೆನ್ಯೂ ಕ್ಯೂ', 'ಇನ್ ದ ಹೈಟ್ಸ್' ಬೆಳೆದು ಬ್ರಾಡ್‌ವೇಗೆ ಹೋದವು. ಕೇಂದ್ರಕ್ಕೆ 1979 ಮತ್ತು 2010ರಲ್ಲಿ ಟೋನಿ ಗೌರವ, 2015ನೇ ಸಾಲಿನ ನ್ಯಾಷನಲ್ ಮೆಡಲ್ ಆಫ್ ಆರ್ಟ್ಸ್ ಸಂದಿವೆ.

ಇಲ್ಲಿನ ಮಾದರಿ ಬೇರೆಡೆಗೂ ಹಬ್ಬಿತು. 1973ರಲ್ಲಿ ಕ್ಯಾನ್‌ಬೆರಾದಲ್ಲಿ ಶುರುವಾದ ಆಸ್ಟ್ರೇಲಿಯದ ನಾಟಕಕಾರರ ಸಮಾವೇಶ ಇದನ್ನೇ ಅನುಸರಿಸಿತು. ಚಿತ್ರನಟ ರಾಬರ್ಟ್ ರೆಡ್‌ಫರ್ಡ್ 1981ರಲ್ಲಿ ಸನ್‌ಡ್ಯಾನ್ಸ್ ಸಂಸ್ಥೆ ಕಟ್ಟುವಾಗ ಓನೀಲ್ ಕೇಂದ್ರವನ್ನು ಮಾದರಿಯಾಗಿ ಇಟ್ಟುಕೊಂಡರು. ಅಮೆರಿಕದ ಪ್ರಾದೇಶಿಕ ರಂಗಮಂದಿರಗಳಲ್ಲೂ ಹೊಸ ನಾಟಕದ ಕಮ್ಮಟ ಸಾಮಾನ್ಯವಾಯಿತು. ಗಿರೀಶ ಕಾರ್ನಾಡರ 'ಅಗ್ನಿ ಮತ್ತು ಮಳೆ' ಮಿನಿಯಾಪೊಲಿಸ್‌ನ ಗತ್ರೀ ಥಿಯೇಟರಿಗಾಗಿ ಬರೆದ ನಾಟಕ. ಅದರ ಇಂಗ್ಲಿಷ್ ರೂಪ 1994ರಲ್ಲಿ ಅಲ್ಲಿ ಇಂಥದೇ ಕಮ್ಮಟದಲ್ಲಿ ನಟರ ಬಾಯಿಂದ ಕೇಳಿ ಹದಗೊಂಡಿತು.

ಟೀಕೆ ಮತ್ತು ಇತ್ತೀಚಿನ ವರ್ಷಗಳು

ಕಮ್ಮಟಗಳು ಹೆಚ್ಚಿದಂತೆ ಆಕ್ಷೇಪಗಳೂ ಹುಟ್ಟಿದವು. ವಾಚನ ಅಗ್ಗ, ಪ್ರಯೋಗ ದುಬಾರಿ. ಹೀಗಾಗಿ ಊರೂರಿನಲ್ಲಿ ಓದಿಸಿಕೊಂಡರೂ ಎಲ್ಲೂ ಪೂರ್ಣ ಪ್ರಯೋಗ ಕಾಣದ ನಾಟಕಗಳು ಹೆಚ್ಚಾದವು. ಪ್ರತಿ ನಾಟಕದಲ್ಲೂ ದೋಷವಿದೆ, ಅದನ್ನು ಇನ್ನೊಬ್ಬರು ಸರಿಪಡಿಸಬೇಕು ಎಂಬ ಧೋರಣೆ ಲೇಖಕನ ಸ್ವಂತಿಕೆಯನ್ನೇ ಸವೆಸುತ್ತದೆ ಎಂದು ನಾಟಕಕಾರ ರಿಚರ್ಡ್ ನೆಲ್ಸನ್ 2007ರಲ್ಲಿ ಭಾಷಣವೊಂದರಲ್ಲಿ ವಾದಿಸಿದರು. ಹೊಸ ನಾಟಕಗಳ ಸ್ಥಿತಿ ಕುರಿತು 2009ರಲ್ಲಿ ಬಂದ 'ಔಟ್‌ರೇಜಿಯಸ್ ಫಾರ್ಚೂನ್' ಎಂಬ ಅಧ್ಯಯನ ಗ್ರಂಥದಲ್ಲೂ ನಾಟಕಕಾರರ ಇಂಥದೇ ಅಳಲು ದಾಖಲಾಗಿದೆ. ಈ ಟೀಕೆಯಲ್ಲಿ ಹುರುಳಿದೆ. ವಿಲ್ಸನ್ ನಾಟಕಗಳು ವಾಚನದಲ್ಲೇ ನಿಂತುಬಿಡದಿರಲು ಕಾರಣ, ವಾಚನದ ಆಚೆ ಯೇಲ್‌ನ ರಂಗ ಸಿದ್ಧವಾಗಿದ್ದುದು.

1999ರಲ್ಲಿ ರಿಚರ್ಡ್ಸ್ ನಿವೃತ್ತರಾದ ಬಳಿಕ ಜೇಮ್ಸ್ ಹೌಟನ್ ಕಲಾ ನಿರ್ದೇಶಕರಾದರು. 2005ರಿಂದ ವೆಂಡಿ ಗೋಲ್ಡ್‌ಬರ್ಗ್ ದೀರ್ಘಕಾಲ ಉತ್ಸವವನ್ನು ನಡೆಸಿದರು. ಆಯ್ಕೆಯಾಗುವ ನಾಟಕಗಳ ಸಂಖ್ಯೆ ಹಿಂದಿಗಿಂತ ಕಡಿಮೆಯಾಗಿ, ಒಂದೊಂದಕ್ಕೂ ಸಿಗುವ ಗಮನ ಹೆಚ್ಚಿತು. ಮುಕ್ತ ಆಹ್ವಾನ, ವೃತ್ತಿನಿರತ ನಟರು, ಸರಳ ಸಜ್ಜಿಕೆ, ಎರಡು ಪ್ರದರ್ಶನಗಳ ನಡುವಿನ ಮರುಬರವಣಿಗೆ ಎಂಬ ನಾಲ್ಕು ಆಧಾರಗಳ ಮೇಲೆ ರಿಚರ್ಡ್ಸ್ ನಿಲ್ಲಿಸಿದ ಉತ್ಸವ, ಹೆಸರಿಲ್ಲದ ಲೇಖಕನೂ ತನ್ನ ನಾಟಕವನ್ನು ಒಳ್ಳೆಯ ನಟರ ಬಾಯಲ್ಲಿ ಕೇಳಬಹುದಾದ ಜಾಗವಾಗಿ ಆರು ದಶಕಗಳಿಗೂ ಮೀರಿ ನಡೆದುಬಂದಿದೆ.