ಕಸಂ ಪರೇಡ್‌ಗೆ ಮೊದಲು: ಮಿಲ್ಟ್ರಿ ಬಿಟ್ಟು ಬರೋ ಬಾಗಿಲಿನ ಕಥೆ

ಇವತ್ತಿನ ಕಂತು ಒಂದು ಫೋನ್ ಕಾಲ್‌ನಿಂದ ಶುರುವಾಗುತ್ತೆ.

ಸಿರುಗುಪ್ಪ ತಾಲ್ಲೂಕಿನ ರಾರಾವಿ ನಮ್ಮೂರು. ಚಿಕ್ಕಪ್ಪನ ಮಗ ಅಗ್ನಿವೀರನಾಗಿ ಆಯ್ಕೆಯಾದಾಗ ಊರಲ್ಲಿ ಫ್ಲೆಕ್ಸ್ ಕಟ್ಟಿಸಿದ್ರು. ತರಬೇತಿಯ ಆರನೇ ವಾರ, ಭಾನುವಾರ ಅವನ ಫೋನ್ ಬಂತು. "ಅಣ್ಣಾ, ನನ್ ಕೈಲಿ ಆಗವಲ್ದು. ರಾತ್ರಿ ಗೇಟ್ ದಾಟಿ ಬಂದುಬಿಡ್ಲಾ?"

"ಬ್ಯಾಡೋ ತಮ್ಮಾ, ಮುಂದಿನ ಭಾನುವಾರದ ತನಕ ತಡಿ" ಅಂದೆ. ಆ ವಾರ ನಾನು ಓದಿದ್ದೇ ಈ ಕಂತು.

ಸೈನ್ಯ ಸೇರಿ ಮನಸ್ಸು ಬದಲಾಗೋದು ಹೊಸದಲ್ಲ. ಹಳೇ ಬ್ರಿಟನ್‌ನಲ್ಲಿ ಭರ್ತಿ ಮಾಡೋರ ಕೈಯಿಂದ ರಾಜನ ಒಂದು ಶಿಲ್ಲಿಂಗ್ ಈಸ್ಕೊಂಡ್ರೆ ಸೇರಿದ ಹಾಗೆ. ಆದರೆ ಮ್ಯಾಜಿಸ್ಟ್ರೇಟ್ ಮುಂದೆ ಪ್ರಮಾಣ ಮಾಡೋಕೆ ಮೊದಲು 20 ಶಿಲ್ಲಿಂಗ್ ಕಟ್ಟಿ ವಾಪಸ್ ಬರಬಹುದಿತ್ತು. ಅದಕ್ಕೆ 'ಸ್ಮಾರ್ಟ್ ಮನಿ' ಅಂತಿದ್ರು. ತಗೊಂಡಿದ್ದು ಒಂದು, ಕಟ್ಟೋದು ಇಪ್ಪತ್ತು!

ನಮ್ಮ 1950ರ ಸೇನಾ ಕಾಯ್ದೆಯಲ್ಲೂ ಭರ್ತಿ ಬೇರೆ, ಪ್ರಮಾಣ ಬೇರೆ. ತರಬೇತಿಯ ಕೊನೆಗೆ ನಡೆಯೋ ಕಸಂ ಪರೇಡ್ ಅಂದ್ರೆ ಅದೇ ಪ್ರಮಾಣ. 1954ರ ಸೇನಾ ನಿಯಮಗಳಲ್ಲಿ, ಇನ್ನೂ ಪ್ರಮಾಣ ಮಾಡದವರ ಬಿಡುಗಡೆಗೆ ಪ್ರತ್ಯೇಕ ಸಾಲೇ ಇದೆ. ಒಳ್ಳೇ ಸೈನಿಕ ಆಗೋದು ಅನುಮಾನ ಅನ್ನಿಸಿದ ರಿಕ್ರೂಟ್‌ಗಳೂ ಅದರಲ್ಲೇ ಬರ್ತಾರೆ. ಅಂದ್ರೆ ಎಲ್ರಿಗೂ ಈ ಬದುಕು ಹೊಂದಲ್ಲ ಅಂತ ಸೈನ್ಯಕ್ಕೇ ಗೊತ್ತು. ಆದರೆ ಹೇಳದೆ ಓಡಿದ್ರೆ ಅದು ಅಪರಾಧ. ಪ್ರಮಾಣ ಆಗಿಲ್ಲ ಅನ್ನೋ ನೆಪ ನಡೆಯಲ್ಲ.

ಜೂನ್ 2022ರಲ್ಲಿ ಬಂದ ಅಗ್ನಿಪಥದಲ್ಲಿ ಬಾಗಿಲು ಇನ್ನೂ ಕಿರಿದು. ಸ್ವಂತ ಇಚ್ಛೆಯಿಂದ ನಡುವೆ ಬಿಡೋ ಹಾಗಿಲ್ಲ. ತೀರಾ ಅಪರೂಪದ ಸಂದರ್ಭದಲ್ಲಿ ಮೇಲಧಿಕಾರಿ ಒಪ್ಪಬೇಕು. ನಾನು ಬಿ.ಕಾಂ. ಓದಿದವನು, ಲೆಕ್ಕ ಹಾಕಿದೆ: ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಅದರಲ್ಲಿ 9,000 ಸೇವಾ ನಿಧಿಗೆ. ಬೇಗ ಬಂದ್ರೆ ತಾನು ಕಟ್ಟಿದ್ದು ಬಡ್ಡಿ ಸಮೇತ ಸಿಗುತ್ತೆ, ಸರ್ಕಾರದ ಪಾಲು ಸಿಗಲ್ಲ.

ನಮ್ಮ ಸೀಮೆಯದೇ ಇನ್ನೊಂದು ಕಥೆ ಇದೆ. 1800ರಲ್ಲಿ ನಿಜಾಮ ಬಳ್ಳಾರಿ, ಕಡಪ ಕಡೆಯ ನೆಲವನ್ನ ಕಂಪನಿಗೆ ಬಿಟ್ಟುಕೊಟ್ಟ. ಅದೇ ದತ್ತಮಂಡಲ. ಅಲ್ಲಿಗೆ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ, 1780ರಲ್ಲಿ ಮದ್ರಾಸಿಗೆ ಬಂದಿದ್ದು ಸೈನ್ಯದ ಕ್ಯಾಡೆಟ್ ಆಗಿ. ಹೈದರ್, ಟಿಪ್ಪು ವಿರುದ್ಧ ಯುದ್ಧಕ್ಕೂ ಹೋದ. ಅವನೇನೂ ಸೈನ್ಯ ಬಿಟ್ಟು ಓಡಲಿಲ್ಲ, ರ್‍ಯಾಂಕೂ ಉಳೀತು. ಆದರೆ 1792ರಿಂದ ಕಂದಾಯದ ಕೆಲಸ ಹಿಡಿದ. ನಮ್ಮ ಕಡೆ ಅವನ ಹೆಸರು ನಿಂತಿದ್ದು ಕತ್ತಿಯಿಂದಲ್ಲ, ಹೊಲ ಅಳೆಸಿ ಮಾಡಿದ ರೈತವಾರಿ ಪದ್ಧತಿಯಿಂದ.

ಮುಂದಿನ ಭಾನುವಾರ ತಮ್ಮನಿಗೆ ಕೇಳಿದೆ: "ಓಟ ಕಷ್ಟನಾ, ಇಲ್ಲಾ ಇಡೀ ದಿನ ಹೇಳಿದಂಗ ಕೇಳೋದು ಕಷ್ಟನಾ?" ಮೊದಲನೇದಾದ್ರೆ ಮೈ ಪಳಗುತ್ತೆ. ಎರಡನೇದಾದ್ರೆ ಯೋಚನೆ ಮಾಡಬೇಕು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಎರಡೂ ಅಲ್ಲಣ್ಣಾ. ಬರೋದಾದ್ರೂ ಹೆಂಗ ಬರ್ಲಿ? ಅಪ್ಪ ಫ್ಲೆಕ್ಸ್ ಹಾಕ್ಸ್ಯಾನ."

ಅವನನ್ನ ಕಟ್ಟಿಹಾಕಿದ್ದು ಕಾಯ್ದೆ ಅಲ್ಲ. ಅವತ್ತೇ ಚಿಕ್ಕಪ್ಪಗೆ ಫೋನ್ ಮಾಡಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದ್ರು, "ಬರಾದಿದ್ರ ಬರ್ಲಿ. ಓಡಿ ಬರಾದು ಬ್ಯಾಡ, ಹೇಳಿ ಬರ್ಲಿ."

ಆ ಮಾತು ತಲುಪಿಸಿದೆ. ತಮ್ಮ ಇನ್ನೂ ಅಲ್ಲೇ ಇದ್ದಾನೆ, ಉಸ್ತಾದ್ ಹತ್ರ ಮಾತಾಡ್ತೀನಿ ಅಂದಿದ್ದಾನೆ. ಇರ್ತಾನೋ ಬರ್ತಾನೋ, ಗೊತ್ತಿಲ್ಲ. ಗೇಟ್ ದಾಟೋ ಮಾತು ಮಾತ್ರ ಮತ್ತೆ ಎತ್ತಿಲ್ಲ.

ನಿಮ್ಮನೇಲೂ ಯಾರಾದ್ರೂ ತರಬೇತಿಯಲ್ಲಿದ್ರೆ, ಈ ಭಾನುವಾರ ಅವರ ಫೋನ್ ಎತ್ತಿ. ಮುಂದಿನ ಕಂತಿನಲ್ಲಿ ಸಿಗೋಣ.